ಪಾಯ ಕೂತ ಮನೆಗೆ ಉಕ್ಕಿನ ಆಸರೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಮುಗಿಯುತ್ತಿದ್ದ ಹಾಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಒಂದೇ ತರದ ಫೋನ್‌ಗಳು ಬರುತ್ತವೆ. ಗೋಡೆ ಬಿರುಕು ಬಿಟ್ಟಿದೆ, ಬಾಗಿಲು ಹಾಕಲು ಬರುತ್ತಿಲ್ಲ, ಬಚ್ಚಲ ಮೂಲೆ ಕೂತಿದೆ. ಜೊತೆಗೆ ಒಂದು ವಿಡಿಯೊ ಕಳಿಸುತ್ತಾರೆ: ಯಾವುದೋ ದೇಶದಲ್ಲಿ ಉಕ್ಕಿನ ಪೈಪನ್ನು ನೆಲಕ್ಕೆ ಒತ್ತಿ, ಜಾಕ್ ಕೊಟ್ಟು, ಇಡೀ ಮನೆಯನ್ನು ಮೇಲೆತ್ತುತ್ತಿರುತ್ತಾರೆ. ಇದು ನಮ್ಮ ಮನೆಗೂ ಆಗುತ್ತಾ ಅಂತ ಕೇಳುತ್ತಾರೆ. ಕೆಲವು ಮನೆಗೆ ಆಗುತ್ತದೆ. ಬಹಳಷ್ಟು ಮನೆಗೆ ಅದು ಬೇಕಾಗಿಯೇ ಇರುವುದಿಲ್ಲ.

ಗೋಡೆಯಲ್ಲಿ ಬಿರುಕು ಬಂದರೆ ಪಾಯ ಕೂತಿದೆ ಅಂತಲೇ ಅರ್ಥವೇ?

ಅಲ್ಲ. ಗಾರೆ ಒಣಗುವಾಗ ಬೀಳುವ ಕೂದಲೆಳೆ ಗೀರುಗಳಿಗೂ ಪಾಯಕ್ಕೂ ಸಂಬಂಧ ಇಲ್ಲ. ಆರ್‌ಸಿಸಿ ಚಾವಣಿಯ ಅಡಿಯಲ್ಲಿ ಗೋಡೆಯುದ್ದಕ್ಕೂ ಅಡ್ಡಡ್ಡ ಬರುವ ಬಿರುಕು ಹೆಚ್ಚಾಗಿ ಬಿಸಿಲಿನ ಕೆಲಸ. ಸ್ಲ್ಯಾಬ್ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗೋಡೆ ಅದರ ಜೊತೆ ಹೋಗುವುದಿಲ್ಲ.

ಪಾಯ ಕೂತಾಗ ಬರುವ ಬಿರುಕು ಓರೆಯಾಗಿರುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಹೊರಟು ಕಲ್ಲಿನ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ಅದೇ ಗೋಡೆಯ ಬಾಗಿಲು ಚೌಕಟ್ಟಿಗೆ ತಾಗುತ್ತಿರುತ್ತದೆ. ನೆಲಕ್ಕೂ ಗೋಡೆಗೂ ನಡುವೆ ಸಂದು ಬಿಟ್ಟಿರುತ್ತದೆ. ಇವು ಎರಡು ಮೂರು ಒಟ್ಟಿಗೆ ಕಂಡರೆ ಪಾಯದ ಕಡೆ ನೋಡಬೇಕು.

ಅಗಲದ ಅಳತೆಗೆ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯವರ ವಿಂಗಡಣೆಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. 5 ಮಿಲಿಮೀಟರ್ ತನಕ ಸಣ್ಣ ಹಾನಿ, 5ರಿಂದ 15 ಮಧ್ಯಮ, 15ರಿಂದ 25 ತೀವ್ರ, 25 ದಾಟಿದರೆ ಅತಿ ತೀವ್ರ. ಒಂದು ರೂಪಾಯಿ ನಾಣ್ಯವೂ ನುಗ್ಗದ ಬಿರುಕಿಗೆ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಹಾಕಿಸಿ ಅಂದವರನ್ನು ನಂಬಬೇಡಿ.

ಇನ್ನೂ ಇಳಿಯುತ್ತಿದೆಯಾ, ಇಳಿದು ನಿಂತಿದೆಯಾ? ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಉತ್ತರಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ನಡುವೆ ಒಂದು ಗಾಜಿನ ಚೂರನ್ನು ಎರಡೂ ಬದಿಗೆ ಅಂಟುವಂತೆ ಗಾರೆಯಲ್ಲಿ ಕೂರಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಇನ್ನೂ ಖಚಿತವಾಗಿ ಬೇಕಿದ್ದರೆ ಬಿರುಕಿನ ಎರಡು ಬದಿಗೆ ಎರಡು ಮೊಳೆ ಹೊಡೆದು, ನಡುವಿನ ದೂರವನ್ನು ವರ್ನಿಯರ್‌ನಲ್ಲಿ ತಿಂಗಳಿಗೊಮ್ಮೆ ಅಳೆಯಿರಿ.

ಮನೆಯ ಸುತ್ತ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿಸಿ. ಕಟ್ಟುವಾಗ ಪಂಚಾಂಗದ (ನೆಲದ ಮೇಲೆ ಕಾಣುವ ಪಾಯದ ಕಟ್ಟೆಯ) ಮೇಲ್ಮಟ್ಟ ಒಂದೇ ಮಟ್ಟದಲ್ಲಿತ್ತು ಅಂದುಕೊಂಡರೆ, ಈಗ ಯಾವ ಮೂಲೆ ಎಷ್ಟು ಇಳಿದಿದೆ ಅಂತ ಮೇಸ್ತ್ರಿಯೇ ಅರ್ಧ ದಿನದಲ್ಲಿ ಹೇಳುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ನೋಡಿ. ಮಳೆಗಾಲದಲ್ಲಿ ತೆರೆದು ಬೇಸಿಗೆಯಲ್ಲಿ ಮುಚ್ಚಿಕೊಳ್ಳುವ ಬಿರುಕು ಒಂದು ಕಥೆ. ವರ್ಷವಿಡೀ ಅಗಲವಾಗುತ್ತಲೇ ಹೋಗುವುದು ಬೇರೆಯೇ ಕಥೆ, ಪಾಯ ಇನ್ನೂ ಇಳಿಯುತ್ತಿದೆ ಅಂತ ಅರ್ಥ. ವಾರದಿಂದ ವಾರಕ್ಕೆ ಬರಿಗಣ್ಣಿಗೆ ಗೊತ್ತಾಗುವಷ್ಟು ಬೆಳೆಯುತ್ತಿದ್ದರೆ ಮಾತ್ರ ಕಾಯಬೇಡಿ, ಇಂಜಿನಿಯರನ್ನು ಕರೆಸಿ.

ನಮ್ಮ ಕಡೆ ಪಾಯ ಯಾಕೆ ಕೂರುತ್ತದೆ?

ಮೊದಲನೇ ಕಾರಣ ಕಣ್ಣ ಮುಂದೆಯೇ ಇದೆ. ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಕಡಿಮೆ. ಜೆಸಿಬಿ ತಂದು ಗುಡ್ಡದ ಬದಿಯನ್ನು ಕಡಿಯುತ್ತೇವೆ, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತೇವೆ. ಮನೆಯ ಹಿಂದಿನ ಅರ್ಧ ಕಡಿದ ಗಟ್ಟಿ ನೆಲದ ಮೇಲೆ, ಮುಂದಿನ ಅರ್ಧ ತುಂಬಿದ ಮಣ್ಣಿನ ಮೇಲೆ. ತುಂಬಿದ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿದವರು ಅಪರೂಪ. ಎರಡು ಮಳೆ ಸಿಕ್ಕಿತು, ಇನ್ನೇನು ಗಟ್ಟಿಯಾಗಿದೆ ಅಂತ ಕಟ್ಟಿಬಿಡುತ್ತಾರೆ. ಮುಂದಿನ ಅರ್ಧ ನಿಧಾನಕ್ಕೆ ಇಳಿಯುತ್ತದೆ, ಹಿಂದಿನದು ಇಳಿಯುವುದಿಲ್ಲ. ಮನೆ ನಡುವೆ ಸೀಳುತ್ತದೆ. ಇಡೀ ಮನೆ ಒಂದೇ ಸಮ ಕೂತಿದ್ದರೆ ಬಹುಶಃ ನಿಮಗೆ ಗೊತ್ತೂ ಆಗುತ್ತಿರಲಿಲ್ಲ.

ಎರಡನೆಯದು ಶೇಡಿ ಮಣ್ಣು. ಮೇಲೆ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಗಟ್ಟಿ ಪದರ, ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ನುಣ್ಣನೆಯ ಮಣ್ಣು. ಕರಾವಳಿಯಲ್ಲೂ ಘಟ್ಟದ ಮೇಲೂ ಹೀಗೇ ಇರುತ್ತದೆ. ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಇದರ ಮೇಲೆ ಬೇಕಾದಷ್ಟು ಅಧ್ಯಯನ ನಡೆದಿದೆ. ಒಣಗಿದ್ದಾಗ ಈ ಮಣ್ಣು ಗುದ್ದಲಿಗೂ ಜಗ್ಗುವುದಿಲ್ಲ, ಕಡಿದರೆ ನೆಟ್ಟಗೆ ನಿಲ್ಲುತ್ತದೆ. ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ನೀರು ಹರಿಯಲು ದಾರಿ ಸಿಕ್ಕರೆ ಅದರ ಜೊತೆ ತಾನೂ ಹೋಗುತ್ತದೆ, ಒಳಗೆ ಪೊಳ್ಳು ಬಿಡುತ್ತದೆ. ಜಂಬಿಟ್ಟಿಗೆ ಸಿಕ್ಕಿತು, ಪಾಯ ಭದ್ರ ಅಂತ ನಿಲ್ಲಿಸಿದವರ ಮನೆಗಳು ಕೂರುವುದು ಇದರಿಂದಲೇ. ಆ ಜಂಬಿಟ್ಟಿಗೆ ಎಷ್ಟು ದಪ್ಪ ಇದೆ ಅಂತ ಯಾರೂ ನೋಡಿರುವುದಿಲ್ಲ.

ಮೂರನೆಯದು ಬರೀ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ 1,000ದ ಒಳಗೆ. ಒಂದೇ ಜಿಲ್ಲೆ, ಎರಡು ಲೋಕ. ಆರಿದ್ರಾದಿಂದ ಆಶ್ಲೇಷದ ತನಕ ಬಿಡದೆ ಹೊಯ್ಯುವಾಗ ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಯಾವ ಪಾಯ ತಡೆದೀತು? ಇದರ ಜೊತೆ ಬಚ್ಚಲ ನೀರು ಇಂಗುವ ಗುಂಡಿ, ಸೋರುವ ಶೌಚದ ಪಿಟ್, ಮಳೆಗಾಲದಲ್ಲಿ ನೆಲದೊಳಗೇ ಏಳುವ ಜಲ.

ಪೇಟೆಯ ಸುತ್ತಮುತ್ತ ಗದ್ದೆ ತುಂಬಿಸಿ ಮಾಡಿದ ಬಡಾವಣೆಗಳದ್ದು ಬೇರೆ ಸಮಸ್ಯೆ. ಕೆಳಗೆ ಕೆಸರು ಮಣ್ಣು ಹಾಗೇ ಇರುತ್ತದೆ. ಭದ್ರಾವತಿ, ಚನ್ನಗಿರಿ ದಿಕ್ಕಿಗೆ ಹೋದರೆ ಅಲ್ಲಲ್ಲಿ ಕಪ್ಪು ಮಣ್ಣು ಸಿಗುತ್ತದೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅಲ್ಲಿ ಹೊಸ ಮನೆ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ (ಬುಡದ ಕಡೆ ಉಬ್ಬಿಸಿದ ಕಾಂಕ್ರೀಟ್ ಕಂಬ) ಒಳ್ಳೆಯ ದಾರಿ. ಕಟ್ಟಿ ಆದ ಮನೆಗೆ ಅದನ್ನು ಹಾಕುವುದು ಕಷ್ಟ.

ನೀರು ಸರಿಮಾಡಿದರೆ ಸಾಕಾಗುತ್ತದಾ?

ಎಷ್ಟೋ ಸಲ ಸಾಕಾಗುತ್ತದೆ. ಅದಕ್ಕೇ ಮೊದಲು ಅದನ್ನು ಮಾಡಿ ಅನ್ನುವುದು. ಸೂರಿಗೆ ದೋಣಿ ಕಟ್ಟಿ, ಪೈಪಿನಲ್ಲಿ ನೀರನ್ನು ಮನೆಯಿಂದ ದೂರ ಬಿಡಿ. ಗೋಡೆಯ ಸುತ್ತ ಮೂರಡಿ ಅಗಲ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿ. ಮನೆಯ ಮೇಲ್ಬದಿಗೆ ಒಂದು ಬಸಿಗಾಲುವೆ ತೋಡಿ. ತೋಟಕ್ಕೆ ಬಸಿಗಾಲುವೆ ಬೇಕು ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ, ಮನೆಗೂ ಬೇಕು ಅನ್ನುವುದು ಮಾತ್ರ ಯಾಕೋ ಮರೆತುಹೋಗುತ್ತದೆ. ಪಿಟ್ ಗೋಡೆಗೆ ಹತ್ತಿರ ಇದ್ದರೆ ದೂರ ಮಾಡಿ.

ಇಷ್ಟು ಮಾಡಿ ಒಂದು ಮಳೆಗಾಲ ಅಳತೆ ಇಡಿ. ಬಿರುಕು ನಿಂತರೆ ತುಂಬಿಸಿ, ಬಣ್ಣ ಹೊಡೆಸಿ, ಮುಗಿಯಿತು. ನೀರು ಸರಿಮಾಡದೆ ಉಕ್ಕು ಇಳಿಸಿದರೆ ಪಾಯ ನಿಲ್ಲಬಹುದು. ಆದರೆ ನೆಲದ ಟೈಲ್ಸ್, ಜಗಲಿ, ಮೆಟ್ಟಿಲು ಇವೆಲ್ಲ ಮಣ್ಣಿನ ಮೇಲೇ ಕೂತಿವೆ ಅಲ್ವಾ? ಅವು ಇಳಿಯುತ್ತಲೇ ಹೋಗುತ್ತವೆ.

ಉಕ್ಕಿನ ಆಸರೆ ಅಂದರೆ ಏನು?

ಪಾಯದ ಭಾರವನ್ನು ಮೇಲಿನ ಮೆತ್ತನೆ ಮಣ್ಣಿನಿಂದ ಬಿಡಿಸಿ, ಆಳದ ಗಟ್ಟಿ ಪದರಕ್ಕೆ ದಾಟಿಸುವುದು. ಕೆಸರು ಗದ್ದೆಯಲ್ಲಿ ಚಪ್ಪರ ಹಾಕುವಾಗ ಗಟ್ಟಿ ನೆಲ ಸಿಗುವ ತನಕ ಗೂಟ ಹೊಡೆಯುತ್ತೇವಲ್ಲ, ಅಷ್ಟೇ. ವ್ಯತ್ಯಾಸ ಏನೆಂದರೆ ಇಲ್ಲಿ ಚಪ್ಪರ ಆಗಲೇ ನಿಂತಿದೆ, ಗೂಟ ಆಮೇಲೆ. ಕಷ್ಟ ಇರುವುದೇ ಅಲ್ಲಿ. ಮೂರು ಬಗೆ ಇವೆ.

ಒಂದು, ಒತ್ತಿ ಇಳಿಸುವ ಪೈಪ್. ಪಾಯದ ಅಡಿಗೆ ಉಕ್ಕಿನ ಬ್ರ್ಯಾಕೆಟ್ ಕೂರಿಸಿ, ಹೈಡ್ರಾಲಿಕ್ ಜಾಕ್‌ನಿಂದ ಸುಮಾರು ಮೂರಡಿಯ ಪೈಪ್ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಒತ್ತುತ್ತಾರೆ. ಒತ್ತಲು ಬೇಕಾದ ಎದುರು ಭಾರ ಮನೆಯದೇ.

ಎರಡು, ಸ್ಕ್ರೂ ಪೈಲ್. ತುದಿಯಲ್ಲಿ ತಿರುಪಿನ ತಟ್ಟೆ ಇರುವ ಉಕ್ಕಿನ ಕಂಬ, ತಿರುಗಿಸಿ ಇಳಿಸುವುದು. ಇದು ಹೊಸದೇನಲ್ಲ. ಐರ್ಲೆಂಡಿನ ಅಲೆಕ್ಸಾಂಡರ್ ಮಿಚೆಲ್ 1833ರಲ್ಲಿ ಪೇಟೆಂಟ್ ಪಡೆದು, ಸಮುದ್ರದ ಮರಳಿನಲ್ಲಿ ದೀಪಸ್ತಂಭ ನಿಲ್ಲಿಸಲು ಬಳಸಿದ. ಕಣ್ಣು ಕಾಣದವನಾಗಿದ್ದ ಅನ್ನುವುದು ಇನ್ನೂ ದೊಡ್ಡ ಮಾತು. ಇದರ ಅನುಕೂಲ ಏನೆಂದರೆ ತಿರುಗಿಸಲು ಎಷ್ಟು ಬಲ ಬೇಕಾಯಿತು ಅನ್ನುವುದೇ ಅದು ಎಷ್ಟು ಭಾರ ಹೊರುತ್ತದೆ ಅಂತ ಹೇಳುತ್ತದೆ. 38 ಮಿಲಿಮೀಟರ್ ಚೌಕದ ಕಂಬಕ್ಕೆ 3 ಕಿಲೋನ್ಯೂಟನ್ ಮೀಟರ್ ತಿರುಚು ಬಲ ಬೇಕಾಯಿತು ಅಂದರೆ, ಕೊನೆಯ ಮಿತಿ ಸುಮಾರು 10 ಟನ್. ಅರ್ಧ ಹಿಡಿದು 5 ಟನ್ ಹೊರಿಸಬಹುದು.

ಮೂರು, ಮೈಕ್ರೊಪೈಲ್. 30 ಸೆಂಟಿಮೀಟರ್‌ಗಿಂತ ಸಣ್ಣ ರಂಧ್ರ ಕೊರೆದು, ಒಳಗೆ ಉಕ್ಕಿನ ಪೈಪ್ ಅಥವಾ ದಪ್ಪ ಸರಳು ಇಟ್ಟು, ಸಿಮೆಂಟ್ ಗ್ರೌಟ್ (ನೀರಲ್ಲಿ ಕಲಸಿದ ತೆಳು ಸಿಮೆಂಟ್) ತುಂಬುವುದು. ಇಟಲಿಯ ಫರ್ನಾಂಡೊ ಲಿಝಿ 1950ರ ದಶಕದಲ್ಲಿ ಶುರುಮಾಡಿದ್ದು. ಯುದ್ಧದಲ್ಲಿ ಹಾಳಾದ ಹಳೆಯ ಕಟ್ಟಡಗಳನ್ನು ಅಲುಗಿಸದೆ ಗಟ್ಟಿ ಮಾಡುವ ಉಪಾಯವಾಗಿ ಇದು ಬೆಳೆಯಿತು.

ನಮ್ಮ ಮಣ್ಣಿಗೆ ಯಾವುದು ಒಳ್ಳೆಯದು?

ನನ್ನ ಓಟು ಹೆಚ್ಚಾಗಿ ಮೈಕ್ರೊಪೈಲ್‌ಗೆ. ಮೇಲಿನ ಗಟ್ಟಿ ಜಂಬಿಟ್ಟಿಗೆಯಲ್ಲಿ ತಿರುಪು ಇಳಿಯುವುದಿಲ್ಲ. ಆಳದಲ್ಲಿ ಗುಂಡುಕಲ್ಲು ಸಿಕ್ಕರೆ ತಟ್ಟೆ ಮುರಿಯುತ್ತದೆ, ಇಲ್ಲವೇ ಕಂಬ ಓರೆಯಾಗುತ್ತದೆ. ಒತ್ತುವ ಪೈಪ್ ಗುಂಡುಕಲ್ಲಿನ ಮೇಲೆ ನಿಂತು ಗಟ್ಟಿ ನೆಲ ಸಿಕ್ಕಿತು ಅಂತ ಸುಳ್ಳು ಹೇಳುತ್ತದೆ. ಮೈಕ್ರೊಪೈಲ್ ಕೊರೆಯುವ ಯಂತ್ರ ಜಂಬಿಟ್ಟಿಗೆ, ಗುಂಡುಕಲ್ಲು ಎರಡನ್ನೂ ದಾಟುತ್ತದೆ. ನಮ್ಮ ದೇಶದಲ್ಲಿ ಆ ಕೆಲಸ ಬಲ್ಲವರೂ ಜಾಸ್ತಿ ಸಿಗುತ್ತಾರೆ. ಗದ್ದೆ ತುಂಬಿಸಿದ ಮೆತ್ತನೆ ಜಾಗದಲ್ಲಿ, ಕಲ್ಲು ಇಲ್ಲ ಅಂತ ಗೊತ್ತಿದ್ದರೆ, ಸ್ಕ್ರೂ ಪೈಲ್ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಶೇಡಿ ಮಣ್ಣಿನಲ್ಲಿ ನೀರು ಹಾಯಿಸಿ ಕೊರೆಯಲು ಬಿಡಬೇಡಿ. ಆ ನೀರೇ ಮಣ್ಣನ್ನು ಕರಗಿಸಿ ಪಾಯದ ಅಡಿ ಪೊಳ್ಳು ಮಾಡುತ್ತದೆ. ಕೊರೆಯುತ್ತಾ ಹೋದ ಹಾಗೆ ರಂಧ್ರ ಕುಸಿಯದಂತೆ ತಡೆಯುವ ಕೇಸಿಂಗ್ ಪೈಪೂ ಜೊತೆಯಲ್ಲೇ ಇಳಿಯಬೇಕು. ಗುತ್ತಿಗೆದಾರರ ಜೊತೆ ಮಾತಾಡುವಾಗ ಇದನ್ನು ಮೊದಲೇ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಎಷ್ಟು ಆಳಕ್ಕೆ ಇಳಿಸಬೇಕು?

ಮಣ್ಣು ಪರೀಕ್ಷೆ ಇಲ್ಲದೆ ಯಾರೂ ಹೇಳಲಾರರು. ರಂಧ್ರ ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತಾರೆ. ಇದಕ್ಕೆ ಐಎಸ್ 2131 ಅಂತ ಭಾರತೀಯ ಮಾನಕವೇ ಇದೆ. ಪೆಟ್ಟಿನ ಎಣಿಕೆ ಐದಾರು ಇದ್ದರೆ ಮೆತ್ತನೆ ಮಣ್ಣು, 50 ದಾಟಿದರೆ ಗಟ್ಟಿ. ಕಡಿದ ಬದಿಗೆ ಒಂದು, ತುಂಬಿದ ಬದಿಗೆ ಒಂದು, ಕನಿಷ್ಠ ಎರಡು ರಂಧ್ರ ಬೇಕು. ಪರೀಕ್ಷೆ ಮಳೆಗಾಲದ ಕೊನೆಗೆ ಆದರೆ ಒಳ್ಳೆಯದು. ಬೇಸಿಗೆಯಲ್ಲಿ ಶೇಡಿ ಮಣ್ಣು ತನ್ನ ನಿಜವಾದ ಬಣ್ಣ ತೋರಿಸುವುದಿಲ್ಲ.

ಅದಕ್ಕೂ ಮೊದಲು ದುಡ್ಡಿಲ್ಲದೆ ಸಿಗುವ ಎರಡು ಸುಳಿವುಗಳಿವೆ. ಅಕ್ಕಪಕ್ಕದವರ ಬೋರ್‌ವೆಲ್‌ಗೆ ಎಷ್ಟು ಅಡಿ ಕೇಸಿಂಗ್ ಇಳಿಸಿದರು ಅಂತ ಕೇಳಿ. ಬಿಲ್‌ನಲ್ಲಿ ಬರೆದಿರುತ್ತದೆ. ಕೇಸಿಂಗ್ ನಿಂತಲ್ಲಿಗೆ ಹೆಚ್ಚುಕಡಿಮೆ ಗಟ್ಟಿ ಬಂಡೆ ಶುರು. ಇನ್ನೊಂದು, ಹಳೆಯ ತೆರೆದ ಬಾವಿ. ಬೇಸಿಗೆಯಲ್ಲಿ ನೀರು ಇಳಿದಾಗ, ಕಲ್ಲು ಕಟ್ಟದ ಬಾವಿಯಾದರೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಜಂಬಿಟ್ಟಿಗೆ ಎಲ್ಲಿ ಮುಗಿದು ಬಿಳಿ ಮಣ್ಣು ಎಲ್ಲಿ ಶುರುವಾಗುತ್ತದೆ ಅಂತ ಬಾವಿಯ ಗೋಡೆಯೇ ತೋರಿಸುತ್ತದೆ.

ಹಾಗಾದರೆ ಬೋರ್‌ವೆಲ್ ಲಾರಿಯನ್ನೇ ತಂದು ಕೊರೆಸಿದರೆ ಆಗಲ್ವಾ?

ಬೇಡ. ಅದು ಬಂಡೆ ಒಡೆಯಲು ಮಾಡಿದ ಯಂತ್ರ. ಅಷ್ಟು ಗಾಳಿಯ ಒತ್ತಡವನ್ನು ನೆನೆದ ಮಣ್ಣಿಗೆ ಬಿಟ್ಟರೆ, ಗಾಳಿ ನೆಲದೊಳಗೆ ದಾರಿ ಮಾಡಿಕೊಂಡು ನಿಮ್ಮ ಅಡಿಗೆಮನೆಯಲ್ಲಿ ಏಳಬಹುದು. ಲಾರಿ ಗೋಡೆಯ ಹತ್ತಿರಕ್ಕೆ ಬರುವುದೂ ಇಲ್ಲ.

ಎಷ್ಟು ಕಂಬ ಬೇಕು? ಒಂದೊಂದು ಎಷ್ಟು ಭಾರ ಹೊರಬೇಕು?

ಲೆಕ್ಕ ಹಾಕಿ ನೋಡೋಣ. ಒಂದು ಅಂತಸ್ತಿನ ಜಂಬಿಟ್ಟಿಗೆ ಮನೆ, ಮೇಲೆ ಆರ್‌ಸಿಸಿ. 9 ಇಂಚಿನ ಗೋಡೆ 10 ಅಡಿ ಎತ್ತರ ಇದ್ದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 1.4 ಟನ್. ಚಾವಣಿಯಲ್ಲಿ ಆ ಗೋಡೆಯ ಪಾಲು ಸುಮಾರು 1.1 ಟನ್. ಪಾಯದ ಕಲ್ಲು ಸುಮಾರು 1.3 ಟನ್. ಒಟ್ಟು ಮೀಟರಿಗೆ 4 ಟನ್ ಹತ್ತಿರ. 5 ಅಡಿಗೊಂದು ಕಂಬ ಹಾಕಿದರೆ ಒಂದೊಂದಕ್ಕೆ 6 ಟನ್. ಹೊರುವ ಭಾರದ ಒಂದೂವರೆ ಪಟ್ಟು ಹಾಕಿ ಪರೀಕ್ಷೆ ಮಾಡಬೇಕು ಅಂದರೆ 9 ಟನ್.

ಈಗ ಒತ್ತುವ ಪೈಪಿನ ತೊಂದರೆ ಗೊತ್ತಾಗುತ್ತದೆ. ಒಂದು ಕಡೆ 9 ಟನ್ ಒತ್ತಬೇಕು, ಅಲ್ಲಿ ಕೂತಿರುವ ಭಾರ 6 ಟನ್. ಉಳಿದ ಮೂರನ್ನು ಅಕ್ಕಪಕ್ಕದ ಗೋಡೆ ಹಿಡಿದುಕೊಳ್ಳಬೇಕು. ಪ್ಲಿಂತ್ ಬೀಮ್ (ಪಾಯದ ಮೇಲೆ ಸುತ್ತಲೂ ಹಾಕಿದ ಕಾಂಕ್ರೀಟ್ ತೊಲೆ) ಇರುವ ಮನೆ ಹಿಡಿದುಕೊಳ್ಳುತ್ತದೆ. ಹೆಂಚಿನ ಹಗುರ ಮನೆಯಾದರೆ ಪೈಪ್ ಕೆಳಗಿಳಿಯುವ ಬದಲು ಗೋಡೆಯೇ ಮೇಲೇಳುತ್ತದೆ. ವಿಡಿಯೊದಲ್ಲಿ ನೋಡಿದ ಮನೆಗಳಿಗೆ ಹೆಚ್ಚಾಗಿ ಕಾಂಕ್ರೀಟ್ ಪಾಯ ಇರುತ್ತದೆ ಅನ್ನುವುದು ನೆನಪಿರಲಿ.

ನಮ್ಮದು ಸೈಜುಗಲ್ಲಿನ ಪಾಯ. ಅದಕ್ಕೆ ಬ್ರ್ಯಾಕೆಟ್ ಹಿಡಿಯುತ್ತದಾ?

ನೇರವಾಗಿ ಹಿಡಿಯುವುದಿಲ್ಲ. ಸೈಜುಗಲ್ಲಿನ ಪಾಯ ಒಂದು ತೊಲೆಯಲ್ಲ, ಕಲ್ಲುಗಳ ಸಾಲು. ಐದಡಿಗೊಂದು ಕಡೆ ಎತ್ತಿ ಹಿಡಿದರೆ ನಡುವಿನ ಕಲ್ಲುಗಳು ಉದುರುತ್ತವೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಪಾಯವಾದರೆ ಕೇಳುವುದೇ ಬೇಡ.

ಇದಕ್ಕೆ ಮೊದಲು ಪಾಯದ ಎರಡೂ ಬದಿಗೆ ಉದ್ದಕ್ಕೆ ಆರ್‌ಸಿಸಿ ಬೀಮ್ ಹಾಕಬೇಕು. ಗೋಡೆಯ ಅಡಿಯಲ್ಲಿ ಅಲ್ಲಲ್ಲಿ ತೂತು ಮಾಡಿ, ಅಡ್ಡ ಬೀಮ್ ಅಥವಾ ಉಕ್ಕಿನ ಐ-ಬೀಮ್ ತೂರಿಸಿ ಎರಡನ್ನೂ ಕಟ್ಟಬೇಕು. ಆಗ ಗೋಡೆಯ ಭಾರ ಅಡ್ಡ ಬೀಮ್‌ಗೆ, ಅಲ್ಲಿಂದ ಉದ್ದ ಬೀಮ್‌ಗೆ, ಅಲ್ಲಿಂದ ಪೈಲ್‌ಗೆ. ಖರ್ಚಿನ ದೊಡ್ಡ ಪಾಲು ಇಲ್ಲೇ ಹೋಗುತ್ತದೆ. ಪೈಲ್‌ಗೆ ಮಾತ್ರ ಕೊಟೇಶನ್ ಕೊಟ್ಟವರು ಈ ಬೀಮ್‌ಗಳ ಸುದ್ದಿ ಎತ್ತದಿದ್ದರೆ ನೀವೇ ಎತ್ತಿ.

ಅಗೆಯುವ ಕ್ರಮವೂ ಮುಖ್ಯ. ಪಾಯದ ಪಕ್ಕ ಒಂದೇ ಸಲ ಉದ್ದಕ್ಕೆ ಅಗೆಯಬಾರದು. ನಾಲ್ಕಡಿ ಅಗೆದು, ಕೆಲಸ ಮುಗಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಪಕ್ಕದ್ದು. ಒಂದು ಬಿಟ್ಟು ಒಂದು. ಜೆಸಿಬಿ ಬಾಡಿಗೆ ಉಳಿಸಲು ಒಂದೇ ದಿನ ಎಲ್ಲ ಅಗೆದು ಬಿಸಾಕಿ, ಗೋಡೆ ಹೊರಕ್ಕೆ ಬಿದ್ದ ಉದಾಹರಣೆಗಳಿವೆ.

ನಿಮ್ಮದು ಮರದ ಕಂಬದ ಮೇಲೆ ಮಾಡು ನಿಂತ ಹಳೇ ಚೌಕಿ ಮನೆಯಾಗಿದ್ದರೆ ಅದೃಷ್ಟ. ಇಳಿದ ಕಂಬಕ್ಕೆ ಜಾಕ್ ಕೊಟ್ಟು, ಅಡಿಯ ಕಲ್ಲನ್ನು ತೆಗೆದು, ಕಾಂಕ್ರೀಟ್ ಹಾಸಿ ಮತ್ತೆ ಕೂರಿಸಬಹುದು. ಒಳ್ಳೆಯ ಬಡಗಿ, ಒಳ್ಳೆಯ ಮೇಸ್ತ್ರಿ ಸಾಕು.

ಕೂತ ಮೂಲೆಗೆ ಮಾತ್ರ ಹಾಕಿಸಿದರೆ ಸಾಕಾ?

ತುಂಬಿದ ಮಣ್ಣಿನ ಬದಿಗೆ ಮಾತ್ರ ಹಾಕಿ, ಉಳಿದದ್ದು ಗಟ್ಟಿ ನೆಲದ ಮೇಲಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿದ್ದರೆ ಸಾಕು. ಆದರೆ ಇಡೀ ಮನೆ ಒಂದೇ ಮೆತ್ತನೆ ಮಣ್ಣಿನ ಮೇಲಿದ್ದು, ಒಂದು ಮೂಲೆ ಮಾತ್ರ ಬೇಗ ಕೂತಿದ್ದರೆ ಎಚ್ಚರ. ಆ ಮೂಲೆ ಇನ್ನು ಅಲುಗುವುದಿಲ್ಲ, ಪಕ್ಕದ್ದು ಇಳಿಯುತ್ತದೆ, ಹೊಸ ಬಿರುಕು ಇವೆರಡರ ಗಡಿಯಲ್ಲಿ ಬರುತ್ತದೆ. ಅಂಥಲ್ಲಿ ಇಳಿದಿರುವ ಜಾಗದ ಆಚೆಗೂ ಎರಡು ಮೂರು ಕಂಬ ಮುಂದುವರಿಸಬೇಕು.

ಕೂತ ಮೂಲೆಯನ್ನು ಮತ್ತೆ ಮೊದಲಿನ ಮಟ್ಟಕ್ಕೆ ಎತ್ತಬಹುದಾ?

ಸ್ವಲ್ಪ ಎತ್ತಬಹುದು. ಎಲ್ಲ ಕಂಬಗಳ ಮೇಲೂ ಜಾಕ್ ಇಟ್ಟು, ಒಂದೊಂದು ಮಿಲಿಮೀಟರ್ ಅಂತ ಎಲ್ಲವನ್ನೂ ಒಟ್ಟಿಗೆ ಏರಿಸುತ್ತಾರೆ. ಬಿರುಕು ಮುಚ್ಚುತ್ತಾ ಬರಬೇಕು. ಬೇರೆಲ್ಲಾದರೂ ಹೊಸದು ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ವರ್ಷಗಟ್ಟಲೆ ನಿಧಾನಕ್ಕೆ ಇಳಿದು ಹೊಂದಿಕೊಂಡ ಗೋಡೆಯನ್ನು ಒಂದು ಮಧ್ಯಾಹ್ನದಲ್ಲಿ ವಾಪಸ್ ತರಲು ಹೋದರೆ ಅದು ಒಡೆಯುತ್ತದೆ. ಜಂಬಿಟ್ಟಿಗೆ ಗೋಡೆಗಂತೂ ಬಗ್ಗುವ ಗುಣವೇ ಇಲ್ಲ. ಇಳಿಯುವುದು ನಿಂತರೆ ಸಾಕು, ಬಾಗಿಲು ಹಾಕಲು ಬಂದರೆ ಲಾಭ ಅಂದುಕೊಳ್ಳಿ. ನಲ್ಲಿ, ಡ್ರೈನೇಜ್, ಗ್ಯಾಸ್ ಪೈಪ್‌ಗಳನ್ನು ಎತ್ತುವ ಮೊದಲು ಬಿಡಿಸಿಡಬೇಕು.

ಹರಿಯಾಣದಿಂದ ಬಂದು ನೂರಾರು ಜಾಕ್ ಇಟ್ಟು ಇಡೀ ಮನೆಯನ್ನು ಮೂರ್ನಾಲ್ಕು ಅಡಿ ಎತ್ತುವ ತಂಡಗಳ ಬಗ್ಗೆಯೂ ಕೇಳುತ್ತಾರೆ. ಅವರದ್ದು ನಿಜಕ್ಕೂ ಕೈಚಳಕ. ರಸ್ತೆ ಎತ್ತರವಾಗಿ ಮನೆಗೆ ನೀರು ನುಗ್ಗುವವರಿಗೆ ಅದು ಸರಿ. ಆದರೆ ಅವರು ಎತ್ತಿದ ಮೇಲೆ ಅಡಿಯಲ್ಲಿ ಇಟ್ಟಿಗೆ ಕಟ್ಟಿ ಹೋಗುತ್ತಾರೆ, ಕೆಳಗಿನ ಮಣ್ಣು ಹಾಗೇ ಇರುತ್ತದೆ. ಕೂರುವ ಮಣ್ಣಿಗೆ ಇನ್ನಷ್ಟು ಭಾರ ಹೊರಿಸಿದ ಹಾಗಾಯಿತು.

ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದಾ?

ಕೊರೆಯುವಾಗ ಇರಬಹುದು, ಸದ್ದು ಧೂಳು ಸಹಿಸಿಕೊಂಡು. ಜಾಕ್ ಕೊಡುವ ದಿನ ಎಲ್ಲರೂ ಹೊರಗೆ. ಹಿರಿಯರಿದ್ದರೆ, ಚಿಕ್ಕ ಮಕ್ಕಳಿದ್ದರೆ ಅಷ್ಟೂ ದಿನ ನೆಂಟರ ಮನೆಗೆ ಕಳಿಸುವುದೇ ವಾಸಿ. ಗುಂಡಿಗಳು ಬಾಯಿ ತೆರೆದುಕೊಂಡಿರುತ್ತವೆ.

ಉಕ್ಕು ಮಣ್ಣಿನಲ್ಲಿ ತುಕ್ಕು ಹಿಡಿಯುವುದಿಲ್ಲವೇ?

ಹಿಡಿಯುತ್ತದೆ. ಮಳೆ ತೊಳೆದ ಮಲೆನಾಡಿನ ಮಣ್ಣು ಹುಳಿ ಗುಣದ್ದು, ಅದಕ್ಕೇ ತೋಟಕ್ಕೆ ಸುಣ್ಣ ಹಾಕುತ್ತೇವೆ. ತುಂಬ ಆಳದಲ್ಲಿ ಗಾಳಿ ಕಡಿಮೆ, ಅಲ್ಲಿ ತುಕ್ಕು ನಿಧಾನ. ನೀರಿನ ಮಟ್ಟ ಏರಿ ಇಳಿಯುವ ಮೇಲಿನ ಭಾಗದಲ್ಲಿ ಜಾಸ್ತಿ. ಬಚ್ಚಲ ನೀರು ತಾಗುವಲ್ಲಿ ಇನ್ನೂ ಜಾಸ್ತಿ.

ಮೈಕ್ರೊಪೈಲ್‌ನಲ್ಲಿ ಸಿಮೆಂಟ್ ಗ್ರೌಟೇ ಉಕ್ಕಿಗೆ ಕವಚ. ಆದರೆ ಪೈಪ್ ರಂಧ್ರದ ನಡುವೆ ನಿಲ್ಲುವಂತೆ ಸ್ಪೇಸರ್ ಕಟ್ಟಿರಬೇಕು. ಒಂದು ಬದಿ ಮಣ್ಣಿಗೆ ತಾಗಿದ್ದರೆ ಕವಚ ಇದ್ದೂ ಇಲ್ಲದ ಹಾಗೆ. ಸ್ಕ್ರೂ ಪೈಲ್, ಒತ್ತುವ ಪೈಪ್ ಆದರೆ ಬಿಸಿ ಸತುವಿನಲ್ಲಿ ಅದ್ದಿದ್ದು ಬೇಕು, ಐಎಸ್ 4759 ಪ್ರಕಾರ. ಬಣ್ಣ ಬಳಿದದ್ದು ಮಣ್ಣಿಗೆ ಉಜ್ಜಿ ಹೋಗುತ್ತದೆ. ಸೈಟಿನಲ್ಲಿ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ, ಆದ್ದರಿಂದ ಥ್ರೆಡ್ ಜೋಡಣೆ ಉತ್ತಮ. ಪೈಪಿನ ದಪ್ಪವನ್ನೂ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಇಡುತ್ತಾರೆ, ತುಕ್ಕು ತಿನ್ನುವ ಪಾಲು ಅಂತ.

ಮನೆ ಹಿಂದೆ ಧರೆ (ಗುಡ್ಡ ಕಡಿದು ಉಳಿದ ಕಡಿದಾದ ಮಣ್ಣಿನ ಗೋಡೆ) ಇದೆ, ಅದು ಜರಿಯುತ್ತಿದೆ. ಉಕ್ಕಿನ ಕಂಬ ಹಾಕಿದರೆ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಈ ಕಂಬಗಳು ಮೇಲಿನಿಂದ ಬರುವ ಭಾರ ಹೊರುತ್ತವೆ. ಗುಡ್ಡ ಪಕ್ಕದಿಂದ ನೂಕಿದರೆ ಇಷ್ಟು ಸಣ್ಣ ಕಂಬ ಬಗ್ಗಿಹೋಗುತ್ತದೆ. ಧರೆಗೆ ಬೇರೆಯೇ ಚಿಕಿತ್ಸೆ: ಮೇಲೆ ನೀರು ತಿರುಗಿಸುವ ಕಾಲುವೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ತೆಗೆಯುವುದು, ನೀರು ಹೊರಹೋಗಲು ತೂತು ಬಿಟ್ಟ ತಡೆಗೋಡೆ, ಕಲ್ಲು ತುಂಬಿದ ತಂತಿಬಲೆಯ ಗೇಬಿಯನ್, ಮಣ್ಣು ಹಿಡಿಯುವ ಲಾವಂಚದ ಹುಲ್ಲು.

2018ರಲ್ಲಿ ಕೊಡಗಿನಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಮೇಲಿನ ಗುಡ್ಡದಲ್ಲಿ ಬಿಲ್ಲಿನ ಆಕಾರದಲ್ಲಿ ನೆಲ ಬಿರಿದಿದ್ದರೆ, ಮರಗಳು ಹೊಸದಾಗಿ ವಾಲಿದ್ದರೆ, ತಿಳಿಯಾಗಿ ಬರುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ ಅಳತೆ, ಗಾಜಿನ ಚೂರು ಅಂತ ಕೂರಬೇಡಿ. ಆ ರಾತ್ರಿಯೇ ಮನೆ ಬಿಡಿ. ಪಂಚಾಯಿತಿಗೆ, ತಹಶೀಲ್ದಾರರಿಗೆ ತಿಳಿಸಿ.

ಯಾವ ತಿಂಗಳಲ್ಲಿ ಮಾಡಿಸುವುದು ಒಳ್ಳೆಯದು?

ಡಿಸೆಂಬರ್‌ನಿಂದ ಏಪ್ರಿಲ್. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಅಂತ ಲೆಕ್ಕ ಇಟ್ಟರೆ ಆಳುಗಳೂ ಸಿಗುತ್ತಾರೆ. ಮೇ ಕೊನೆಗೆ ಶುರುಮಾಡುವ ಸಾಹಸ ಬೇಡ.

ಖರ್ಚು ಎಷ್ಟಾಗುತ್ತದೆ?

ಮನೆ ನೋಡದೆ ಹೇಳಿದ ಅಂಕಿಗೆ ಬೆಲೆ ಇಲ್ಲ. ಕೊಟೇಶನ್ ಓದುವುದು ಹೇಗೆ ಅಂತ ಹೇಳಬಹುದು. ದರ ಕಂಬಕ್ಕೋ, ಮೀಟರಿಗೋ? ಮೀಟರಿಗಾದರೆ ಅಂದಾಜಿಗಿಂತ ಆಳ ಹೋದಾಗ ಯಾರ ಮೇಲೆ ಹೊರೆ? ಬೆಂಗಳೂರು, ಮಂಗಳೂರಿನಿಂದ ಯಂತ್ರ ತರುವ ಬಾಡಿಗೆ ಸೇರಿದೆಯೇ? ಬೀಮ್, ಅಗೆತ, ಭಾರ ಪರೀಕ್ಷೆ, ಜಿಎಸ್‌ಟಿ ಸೇರಿದೆಯೇ? ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಹುದು. ಹಗುರವಾದ ಹೆಂಚಿನ ಕೊಟ್ಟಿಗೆಗೋ, ಒಂದು ಬಚ್ಚಲ ಮನೆಗೋ ಇದು ತಕ್ಕದ್ದಲ್ಲ. ಕೆಡವಿ ಕಟ್ಟುವುದೇ ಅಗ್ಗ.

ಇನ್ಶೂರೆನ್ಸ್ ಸಿಗುತ್ತದಾ?

2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಮನೆ ಇರುವ ಜಾಗ ಕುಸಿಯುವುದು, ಭೂಕುಸಿತ ಸೇರಿವೆ. ಆದರೆ ಹೊಸ ಮನೆ ಸಹಜವಾಗಿ ಕೂರುವುದು, ತುಂಬಿದ ಮಣ್ಣು ಇಳಿಯುವುದು, ಕೆಟ್ಟ ಕೆಲಸದಿಂದ ಆದ ಹಾನಿ ಸೇರಿಲ್ಲ. ಅಂದರೆ ನಮ್ಮ ಕಡೆಯ ಮಾಮೂಲಿ ಪ್ರಕರಣ ಹೊರಗೇ ಉಳಿಯುತ್ತದೆ. ಮಳೆಗೆ ಗೋಡೆ ಬಿದ್ದರೆ ಸರ್ಕಾರದ ಪರಿಹಾರಕ್ಕೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಬಹುದು. ಫೋಟೊ ಮೊದಲು ತೆಗೆದಿಡಿ, ಮಣ್ಣು ಎತ್ತುವುದು ಆಮೇಲೆ.

ಈಶಾನ್ಯ ಮೂಲೆ ತಗ್ಗಿದ್ದರೆ ವಾಸ್ತು ಪ್ರಕಾರ ಒಳ್ಳೆಯದಂತೆ. ಹಾಗೇ ಬಿಡಬಹುದಾ?

ತಗ್ಗಾಗಿ ಕಟ್ಟುವುದು ಬೇರೆ, ಕಟ್ಟಿದ ಮೇಲೆ ತಗ್ಗಾಗುವುದು ಬೇರೆ. ಬಿಡಬೇಡಿ.

ಯಾರನ್ನು ಕೇಳಬೇಕು? ಯಾವ ಕಾಗದ ಇಟ್ಟುಕೊಳ್ಳಬೇಕು?

ಮೊದಲು ಪೈಲ್ ಮಾರದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್. ಅವರ ಫೀಸು ನಿಮಗೆ ಬೇಡದ ಹತ್ತು ಕಂಬಗಳನ್ನು ಉಳಿಸಬಹುದು. ಮಣ್ಣು ಪರೀಕ್ಷೆಗೆ ಶಿವಮೊಗ್ಗ, ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಗುತ್ತಿಗೆದಾರರನ್ನು ಹುಡುಕುವುದು ಇವೆರಡೂ ಆದ ಮೇಲೆ.

ಕೆಲಸ ಮುಗಿದ ಮೇಲೆ ಪ್ರತಿ ಕಂಬಕ್ಕೂ ಒಂದು ಸಾಲಿನ ದಾಖಲೆ ಕೇಳಿ ಪಡೆಯಿರಿ: ಎಲ್ಲಿದೆ, ಎಷ್ಟು ಆಳ ಇಳಿಯಿತು, ಎಷ್ಟು ಚೀಲ ಸಿಮೆಂಟ್ ಕುಡಿಯಿತು ಅಥವಾ ಎಷ್ಟು ಬಲಕ್ಕೆ ನಿಂತಿತು, ಪರೀಕ್ಷೆಯಲ್ಲಿ ಎಷ್ಟು ಭಾರಕ್ಕೆ ಎಷ್ಟು ಇಳಿಯಿತು. ಒಂದು ಕಂಬ ಮಾತ್ರ ಲೆಕ್ಕಕ್ಕಿಂತ ತುಂಬ ಹೆಚ್ಚು ಸಿಮೆಂಟ್ ಕುಡಿದಿದ್ದರೆ ಅಲ್ಲಿ ಕೆಳಗೆ ಪೊಳ್ಳು ಇದೆ ಅಂತ ಸುಳಿವು, ಅದನ್ನು ಇಂಜಿನಿಯರ್‌ಗೆ ತೋರಿಸಿ. ಈ ಹಾಳೆಗಳನ್ನು ಮನೆಯ ನಕ್ಷೆಯ ಜೊತೆಗೇ ಇಡಿ. ಮುಂದೆ ಮೇಲೆ ಇನ್ನೊಂದು ಅಂತಸ್ತು ಏರಿಸಬೇಕು ಅಂದಾಗ, ಮನೆ ಮಾರುವಾಗ, ಬ್ಯಾಂಕಿನವರು ಬಂದಾಗ ಮೊದಲು ಕೇಳುವುದು ಇದನ್ನೇ. ಗೋಡೆಯ ಮೇಲಿನ ಗಾಜಿನ ಚೂರುಗಳನ್ನು ಇನ್ನೊಂದು ಮಳೆಗಾಲ ಮುಗಿಯುವ ತನಕ ತೆಗೆಯಬೇಡಿ. ಬಣ್ಣವನ್ನೂ ಅಲ್ಲಿಯ ತನಕ ಹೊಡೆಸಬೇಡಿ.